ಕಾಫಿಗೆ ಲಿಫ್ಟು, ಪಾರ್ವತಕ್ಕನಿಗೆ ಮೆಟ್ಟಿಲು

ನಮ್ಮ ಕಡೆ ಎಲಿವೇಟರ್ ಎಂದರೆ ಮನುಷ್ಯರು ಹತ್ತುವ ವಸ್ತುವಲ್ಲ, ಕಾಫಿ ಹತ್ತುವ ವಸ್ತು. ಚಿಕ್ಕಮಗಳೂರು, ಮೂಡಿಗೆರೆ ಕಡೆಯ ಕಾಫಿಯ ಹೊಟ್ಟು ಬಿಡಿಸಿ ಬೀಜ ಆರಿಸುವ ಯಾವ ಕ್ಯೂರಿಂಗ್ ವರ್ಕ್ಸಿಗೆ ಹೋದರೂ ನೆಲದಿಂದ ಛಾವಣಿಯವರೆಗೆ ತಗಡಿನ ಉದ್ದ ಪೆಟ್ಟಿಗೆಯೊಂದು ನಿಂತಿರುತ್ತದೆ. ಅದರೊಳಗೆ ಒಂದು ಬೆಲ್ಟು, ಬೆಲ್ಟಿಗೆ ಸಾಲಾಗಿ ಬಿಗಿದ ಪುಟ್ಟ ಪುಟ್ಟ ಬಕೆಟ್ಟುಗಳು. ಅವು ಕೆಳಗೆ ಕಾಫಿ ತುಂಬಿಕೊಳ್ಳುತ್ತವೆ, ಮೇಲೆ ಹೋಗಿ ಸುರಿಯುತ್ತವೆ, ಬೋರಲಾಗಿ ಕೆಳಗಿಳಿಯುತ್ತವೆ. ಬಕೆಟ್ಟು ಎಲ್ಲರಿಗೂ ಕಾಣುತ್ತದೆ, ಮೋಟಾರಿನ ಸದ್ದು ಎಲ್ಲರಿಗೂ ಕೇಳುತ್ತದೆ. ಅಷ್ಟನ್ನೂ ಹೊತ್ತು ತಿರುಗುವ ಬೆಲ್ಟನ್ನು ಮಾತ್ರ ಅದು ಹರಿದ ದಿನ ಜನ ನೆನೆಯುತ್ತಾರೆ, ಅದೂ ಬೈಯುವುದಕ್ಕೆ. ಆ ಬೈಗುಳ ತಿಂದು ಮೂವತ್ತು ವರ್ಷ ಸಂಸಾರ ಸಾಗಿಸಿದವನು ನಾನು.

ಕಾರ್ಖಾನೆಗೆ ಹೊಸದಾಗಿ ಸೇರಿದ ಇಂಜಿನಿಯರುಗಳು ನಾಲ್ಕು ಮಂದಿ ಒಂದು ಭಾನುವಾರ ಮನೆಗೆ ಬಂದು, "ಸರ್, ನೀವು ಕಲಿತದ್ದನ್ನೆಲ್ಲ ಬರೆದುಕೊಡಿ" ಎಂದರು. ಕಲಿತದ್ದು ಪುಸ್ತಕದಲ್ಲಿದೆ, ಅದನ್ನು ನಾನು ಮತ್ತೆ ಬರೆಯುವುದು ದಂಡ. ಕೆಡಿಸಿದ್ದು ಎಲ್ಲೂ ಇಲ್ಲ, ಅದನ್ನು ಬರೆಯುತ್ತೇನೆ. ಯಾವಾಗ ಬಡ್ತಿ ಸಿಕ್ಕಿತು, ಯಾವಾಗ ಕ್ಯಾಬಿನ್ ಕೊಟ್ಟರು ಎಂದೆಲ್ಲ ಕೇಳಬೇಡಿ. ಆ ಕ್ಯಾಬಿನ್ನಿನ ಫ್ಯಾನು ತಿರುಗುತ್ತಿರಲಿಲ್ಲ ಎಂಬುದಷ್ಟೇ ನನಗೆ ನೆನಪು.

ನನ್ನ ಊರು ಜಾವಳಿ. ಅಪ್ಪ ಶಾಲೆಯ ಮೇಷ್ಟರು. ನಾನು ರಬ್ಬರ್ ತಂತ್ರಜ್ಞಾನದ ಡಿಪ್ಲೊಮಾ ಓದಲು ಹೊರಟಾಗ ನೆಂಟರೆಲ್ಲ, "ಪಂಕ್ಚರ್ ಹಾಕುವುದಕ್ಕೂ ಓದಬೇಕಾ?" ಎಂದು ನಕ್ಕಿದ್ದರು. ತೊಂಬತ್ತರ ದಶಕದ ಆರಂಭದಲ್ಲಿ ಚಿಕ್ಕಮಗಳೂರಿನ ಹೊರವಲಯದ ಒಂದು ಸಣ್ಣ ಬೆಲ್ಟ್ ಕಾರ್ಖಾನೆಗೆ ಸೇರಿದೆ. ಮಾಲೀಕರು ಲಕ್ಷ್ಮಣಗೌಡರು, ತೋಟದ ಕುಳ. ಒಂದು ಸೀಸನ್ನಿನಲ್ಲಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರಿನ ಬೆಲ್ಟು ಹರಿದು, ಹೊಸದು ಹೊರಗಿನಿಂದ ಬರುವಷ್ಟರಲ್ಲಿ ಅವರ ಹಣ್ಣೆಲ್ಲ ರಾಶಿಯಲ್ಲೇ ಹುಳಿಯಾಗಿತ್ತಂತೆ. ಆ ಸಿಟ್ಟಿಗೆ ಕಾರ್ಖಾನೆಯನ್ನೇ ಹಾಕಿಬಿಟ್ಟಿದ್ದರು. ಸಿಟ್ಟು ಹಾಗೆಯೇ ಉಳಿದಿತ್ತು, ಪ್ರತಿ ಬೆಲ್ಟಿನ ಮೇಲೂ ಕಣ್ಣು ಕೆಂಪು ಮಾಡಿಕೊಂಡೇ ನೋಡುತ್ತಿದ್ದರು.

ಅವರ ಕಾರ್ಖಾನೆಗೆ ಒಂದು ಪದ್ಧತಿ ಇತ್ತು, ಬೇರೆಲ್ಲೂ ನಾನು ಕಂಡಿಲ್ಲ. ಗೇಟಿನ ಒಳಗೆ ಒಂದು ದೊಡ್ಡ ನೇರಳೆ ಮರ. ಹೊಸ ಬಗೆಯ ಬೆಲ್ಟು ತಯಾರಾದಾಗ ಅದರ ಮೊದಲ ತುಂಡನ್ನು ಆ ಮರಕ್ಕೆ ಜೋಕಾಲಿಯಂತೆ ಕಟ್ಟುತ್ತಿದ್ದರು. ನಕ್ಷೆ ಬರೆದವನು ಅದರಲ್ಲಿ ಕೂತು ತೂಗಬೇಕು, ಉಳಿದವರೆಲ್ಲ ಟೀ ಕುಡಿಯುತ್ತಾ ನೋಡಬೇಕು. ನನ್ನ ಮೊದಲ ಬೆಲ್ಟಿನ ದಿನ ಗೌಡರು ಕೈಕಟ್ಟಿ ನಿಂತು ಕೇಳಿದರು.

"ಭಟ್ರೆ, ಇದಕ್ಕೆ ಗೀಟು ಹಾಕಿದ್ದು ನೀವೇ ಹೌದಾ?"

"ಹೌದು ಸರ್."

"ಹಂಗಾರೆ ಹತ್ತಿ ಕೂತ್ಕಳಿ. ನೀವೇ ಕೂರದಿದ್ರೆ ಬೇರೆಯೋರು ಯಾಕೆ ನಂಬಬೇಕು?"

ಕೂತೆ. ಜಾಯಿಂಟು ಬಿಟ್ಟಿತು. ಮಾಗಿದ ನೇರಳೆ ಹಣ್ಣು ಉದುರಿ ಕೊಳೆತ ಜಾಗದಲ್ಲಿ ಬಿದ್ದೆ. ಬಿಳಿ ಪಂಚೆ ಮತ್ತೆಂದೂ ಬಿಳಿಯಾಗಲಿಲ್ಲ. ಆ ದಿನದಿಂದ ಕಾರ್ಖಾನೆಗೆ ಪ್ಯಾಂಟು ಹಾಕಿಕೊಂಡು ಹೋಗತೊಡಗಿದೆ.

ನನ್ನನ್ನು ಎತ್ತಿ ನಿಲ್ಲಿಸಿದವನು ಶೇಷಪ್ಪ. ಬೆಲ್ಟಿನ ಎರಡು ತುದಿ ಕೂಡಿಸಿ ಬೇಯಿಸುವ ಕೆಲಸ ಅವನದು. ಬೆಲ್ಟಿನ ಒಳಗೆ ಬಟ್ಟೆಯೋ ನಾರೋ ಇರುತ್ತದೆ, ಮೇಲೆ ರಬ್ಬರಿನ ಹೊದಿಕೆ. ಭಾರ ಹೊರುವುದು ನಾರು, ಮೈ ಕಾಯುವುದು ರಬ್ಬರು. ಶಾಲೆಗೆ ನಾಲ್ಕೇ ವರ್ಷ ಹೋದ ಶೇಷಪ್ಪ ಬೆಲ್ಟನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಹಿಡಿದು, ಕಣ್ಣು ಮುಚ್ಚಿ ಎಳೆಯುತ್ತಾ ಹೋದರೆ ಒಳಗಿನ ಸುದ್ದಿಯೆಲ್ಲ ಹೇಳುತ್ತಿದ್ದ. ಅಂದು ನನ್ನ ಪಂಚೆ ನೋಡಿ, "ಪರವಾಗಿಲ್ಲ ಬಿಡಿ ಭಟ್ರೆ, ಬಣ್ಣ ಚೆನ್ನಾಗಿ ಹಿಡಿದದೆ" ಎಂದ. ಆಮೇಲೆ ಮೂವತ್ತು ವರ್ಷ ನಾವಿಬ್ಬರೂ ಒಂದೇ ಬುತ್ತಿ ಹಂಚಿಕೊಂಡು ತಿಂದೆವು.

ನನ್ನ ಮೊದಲ ದೊಡ್ಡ ತಪ್ಪು ಮೂಗಿಗೆ ಸಂಬಂಧಿಸಿದ್ದು. ಮೂಡಿಗೆರೆಯ ಹತ್ತಿರದ ಒಂದು ಕ್ಯೂರಿಂಗ್ ವರ್ಕ್ಸಿಗೆ ಎಲಿವೇಟರ್ ಬೆಲ್ಟು ಮಾಡಿಕೊಟ್ಟೆ. ಗಟ್ಟಿಯಾಗಿತ್ತು, ಜೋಕಾಲಿಯಲ್ಲೂ ಪಾಸಾಗಿತ್ತು. ಹತ್ತು ದಿನ ಬಿಟ್ಟು ಅಲ್ಲಿನ ಮ್ಯಾನೇಜರ್ ಹೆಬ್ಬಾರರು ಫೋನು ಮಾಡಿ, ಕೂಡಲೇ ಬನ್ನಿ ಎಂದರು. ಹೋದರೆ ಮೇಜಿನ ಮೇಲೆ ಸಾಲಾಗಿ ಬಟ್ಟಲು. ಕಾಫಿ ರುಚಿ ನೋಡುವ ಹಿರಿಯರೊಬ್ಬರು ಒಂದು ಚಮಚ ಸೊರ್ರೆಂದು ಎಳೆದು, ಬಾಯಲ್ಲಿ ಆಡಿಸಿ, ಉಗಿದು, ನನ್ನನ್ನೇ ಕೇಳಿದರು. "ಇದು ಯಾವ ತೋಟದ್ದು ಸ್ವಾಮಿ? ಟೈರಿನ ಅಂಗಡಿ ಹಿತ್ತಲಲ್ಲಿ ಬೆಳೆದದ್ದಾ?"

ಕಾಫಿ ಬೀಜಕ್ಕಿಂತ ವಾಸನೆ ಕದಿಯುವ ವಸ್ತು ಇನ್ನೊಂದಿಲ್ಲ. ಪಕ್ಕದಲ್ಲಿ ಮೆಣಸಿಟ್ಟರೆ ಮೆಣಸು, ಸೀಮೆಎಣ್ಣೆ ಇಟ್ಟರೆ ಸೀಮೆಎಣ್ಣೆ. ನನ್ನ ಹೊಸ ರಬ್ಬರಿನ ಗಂಧಕದ ನಾತವನ್ನು ಅದು ಭಕ್ತಿಯಿಂದ ಸ್ವೀಕರಿಸಿತ್ತು. ಪುಸ್ತಕದಲ್ಲಿ ಬೆಲ್ಟಿನ ಬಲ ಇತ್ತು, ಸವೆತ ಇತ್ತು, ವಾಸನೆಯ ಅಧ್ಯಾಯ ಇರಲಿಲ್ಲ. ಗೌಡರು ಹೊಸ ನಿಯಮ ಮಾಡಿದರು. ಯಾವ ರಬ್ಬರು ಕಲಸಿದರೂ ಅದರ ತುಂಡನ್ನು ಹಸಿ ಕಾಫಿ ಬೀಜದ ಜೊತೆ ಒಂದು ಡಬ್ಬಿಯಲ್ಲಿ ವಾರ ಮುಚ್ಚಿಡಬೇಕು, ಆಮೇಲೆ ಆ ಬೀಜ ಹುರಿದು ಕಾಫಿ ಮಾಡಿ ಮೊದಲ ಲೋಟ ನನಗೆ ಕೊಡಬೇಕು. ಆ ಒಂದು ವರ್ಷದಲ್ಲಿ ನಾನು ಕುಡಿದ ಕಾಫಿಯನ್ನು ವೈರಿಗೂ ಬಯಸುವುದಿಲ್ಲ.

ಎರಡನೆಯದು ನೈಲಾನಿನ ಕತೆ. ಹಳೆಯ ಬೆಲ್ಟುಗಳೆಲ್ಲ ಹತ್ತಿ ಬಟ್ಟೆಯವು. ಮಳೆಗಾಲದಲ್ಲಿ ಗಿಡ್ಡವಾಗುತ್ತಿದ್ದವು, ಬೇಸಿಗೆಯಲ್ಲಿ ಉದ್ದವಾಗುತ್ತಿದ್ದವು. ನಾನು ಬಲ ಜಾಸ್ತಿ ಎಂದು ನೈಲಾನ್ ಹಾಕಿದೆ. ಬಲವೇನೋ ಜಾಸ್ತಿಯೇ, ಆದರೆ ನೈಲಾನಿನದು ಉಲ್ಟಾ ಬುದ್ಧಿ, ತೇವ ಸಿಕ್ಕರೆ ಹಿಗ್ಗುತ್ತದೆ. ಆಷಾಢದಲ್ಲಿ ಕಳಸದಿಂದ ಗಿರಾಕಿಯೊಬ್ಬರ ಫೋನು ಬಂತು. "ಭಟ್ರೆ, ನಿಮ್ಮ ಬೆಲ್ಟು ಮಳೆ ಬಂದಂಗೆಲ್ಲ ಬೆಳೀತಾ ಇದೆ ಮಾರಾಯ್ರೆ. ಬಕೆಟ್ಟೆಲ್ಲ ನೆಲ ಕೆರೀತಾ ಇದಾವೆ. ನೀವು ಬೆಲ್ಟು ಕಳ್ಸಿದ್ರೋ ಬಳ್ಳಿ ಕಳ್ಸಿದ್ರೋ?" ಹೋಗಿ ಕೇರೆ ಹಾವಿನಂತೆ ಜೋತುಬಿದ್ದ ಬೆಲ್ಟನ್ನು ಕತ್ತರಿಸಿ ಮತ್ತೆ ಕೂಡಿಸಿದೆವು. ಬೇಸಿಗೆಯಲ್ಲಿ ಅದು ಬಿಗಿಯಾಯಿತೆಂದು ಮತ್ತೊಮ್ಮೆ ಹೋದೆವು. ಕುದುರೆಮುಖದ ಗಣಿಯಲ್ಲಿ ಆಗ ಓಡುತ್ತಿದ್ದ ದೈತ್ಯ ಬೆಲ್ಟುಗಳ ಮುಂದೆ ನಮ್ಮದು ಜನಿವಾರವಿದ್ದಂತೆ, ಆದರೂ ನನ್ನ ನಿದ್ದೆ ಕೆಡಿಸಲು ಅಷ್ಟು ಸಾಕಾಗಿತ್ತು. ಕೊನೆಗೆ ತೇವಕ್ಕೆ ಅಷ್ಟಾಗಿ ತಲೆಕೆಡಿಸಿಕೊಳ್ಳದ ಪಾಲಿಯೆಸ್ಟರ್ ಹಿಡಿದ ಮೇಲೆ ಕಳಸದವರು ನನಗೆ ಮತ್ತೆ ಊಟ ಹಾಕಿದರು.

ಇಷ್ಟೂ ಕಾಫಿಯ ಮಾತಾಯಿತು. ಇನ್ನು ಪಾರ್ವತಕ್ಕನ ವಿಷಯ.

ಎರಡು ಸಾವಿರದ ಇಸವಿ ಕಳೆದ ಮೇಲಿನ ಮಾತು. ಹೆಬ್ಬಾರರ ಅದೇ ವರ್ಕ್ಸಿನಲ್ಲಿ ಬೀಜ ಆರಿಸುವ ದೊಡ್ಡ ಕೋಣೆ ಮೂರನೇ ಅಂತಸ್ತಿನಲ್ಲಿತ್ತು. ಬಡಗಣ ಬೆಳಕು ಬೇಕೆಂದು ಹಳೆಯವರು ಅಲ್ಲಿ ಕಟ್ಟಿದ್ದರು. ಕೆಳಗಿನ ಬೆಳಕಿನಲ್ಲಿ ಕಪ್ಪು ಬೀಜಕ್ಕೂ ಕಂದು ಬೀಜಕ್ಕೂ ವ್ಯತ್ಯಾಸ ಕಾಣುವುದಿಲ್ಲ. ಮೂವತ್ತು ಹೆಂಗಸರು ಅಲ್ಲಿ ಕೂತು ಕೆಟ್ಟ ಬೀಜ ಹೆಕ್ಕುತ್ತಿದ್ದರು. ಅವರ ಮೇಲೆ ಮೇಸ್ತ್ರಿ ಪಾರ್ವತಕ್ಕ, ಐವತ್ತು ದಾಟಿದವರು, ಬಲಗಾಲಿನ ಮಂಡಿ ಹೋಗಿತ್ತು. ನೆಲದಿಂದ ಅಲ್ಲಿಗೆ ನಲವತ್ತೆರಡು ಮೆಟ್ಟಿಲು. ಹನ್ನೆರಡನೆಯ ಮೆಟ್ಟಿಲ ಬಳಿ ಒಂದು ಕಿಟಕಿ ಇತ್ತು, ಅದರ ಕಟ್ಟೆಯ ಮೇಲೆ ಅವರು ದಿನಾ ಕೂತು ಉಸಿರು ಬಿಡುತ್ತಿದ್ದರು. ಬೆಲ್ಟು ನೋಡಲು ಹೋಗಿದ್ದ ನಾನು ಅಲ್ಲೇ ಅವರಿಗೆ ಸಿಕ್ಕಿಬಿದ್ದೆ.

"ಭಟ್ರೆ, ಒಂದು ಮಾತು ಕೇಳ್ತೀನಿ, ಬೇಜಾರು ಮಾಡ್ಕಬೇಡಿ. ಈ ಕಾಫಿ ಬೀಜ ಕೂತ್ಕೊಂಡು ಮೇಲೆ ಹೋಗ್ತದೆ. ಅದನ್ನ ಆರ್ಸೋ ನಾನು ನಡ್ಕೊಂಡು ಹೋಗ್ಬೇಕು. ಇದು ಯಾವ ನ್ಯಾಯ ಮಾರಾಯ್ರೆ?"

"ಅದು ಬಕೆಟ್ಟಲ್ಲಿ ಹೋಗ್ತದಲ್ಲ ಪಾರ್ವತಕ್ಕ."

"ನಂಗೂ ಒಂದು ದೊಡ್ಡ ಬಕೆಟ್ಟು ಕಟ್ಟಿ ಹಂಗಾರೆ. ಮಗುಚಿ ಹಾಕ್ಬೇಡಿ ಅಷ್ಟೆ."

ನಗಿಸಿ ಎದ್ದರು, ಗೋಡೆ ಹಿಡಿದುಕೊಂಡು. ಕೆಳಗೆ ಬಂದಾಗ ಹೆಬ್ಬಾರರು ನಿಜ ಹೇಳಿದರು. ಅವರು ಕೆಟ್ಟವರಲ್ಲ, ಹೇಳುವಾಗ ನನ್ನ ಮುಖ ನೋಡಲಿಲ್ಲ. "ಮುಂದಿನ ಸೀಸನ್ನಿಗೆ ಅವರನ್ನ ಕೆಳಗೆ ಅಂಗಳ ಗುಡಿಸೋಕೆ ಹಾಕ್ಬೇಕು ಭಟ್ರೆ. ಮೆಟ್ಟಿಲಲ್ಲಿ ಬಿದ್ರೆ ಯಾರು ಜವಾಬ್ದಾರಿ? ಅವರು ಬೇರೆ ಹೇಳಿಬಿಟ್ಟಿದಾರೆ, ಕಣ್ಣಿರೋಳ ಕೈಗೆ ಪೊರಕೆ ಕೊಟ್ರೆ ಮನೇಲಿ ಕೂರ್ತೀನಿ ಅಂತ. ಅವರಂಥ ಕಣ್ಣು ಇನ್ನೊಂದಿಲ್ಲ. ಎಂತ ಮಾಡೋದು ಹೇಳಿ."

ಪಾರ್ವತಕ್ಕನಿಗೆ ಆ ಕೆಲಸ ಬರೀ ಸಂಬಳವಾಗಿರಲಿಲ್ಲ. ಒಂದು ಬೀಜ ಬಾಯಿಗೆ ಹಾಕಿ ಕಚ್ಚಿ, "ಒಣಗಿದೆ. ತುಂಬಿ" ಎಂದು ಅವರು ಹೇಳಿದರೆ ಮಾತ್ರ ಗೋಣಿ ಹೊಲಿಯುತ್ತಿದ್ದರು. ತೇವ ಅಳೆಯುವ ಯಂತ್ರ ಬಂದ ಮೇಲೂ ಹೆಬ್ಬಾರರು ಯಂತ್ರದ ಮುಳ್ಳು ನೋಡಿ, ಆಮೇಲೆ ಪಾರ್ವತಕ್ಕನ ಮುಖ ನೋಡುತ್ತಿದ್ದರು. ಮಾತಿಗೆ ಅಷ್ಟು ಬೆಲೆ ಇರುವ ಹೆಂಗಸನ್ನು ಅಂಗಳ ಗುಡಿಸಲು ಹಾಕುವುದನ್ನು ನನಗೆ ಸಹಿಸಲಾಗಲಿಲ್ಲ.

ಸಿದ್ಧ ಲಿಫ್ಟು ತರಬಹುದಿತ್ತಲ್ಲ ಎನ್ನುತ್ತೀರಿ. ದಪ್ಪ ಉಕ್ಕಿನ ಹಗ್ಗಕ್ಕೆ ದೊಡ್ಡ ಚಕ್ರ ಬೇಕು, ಚಕ್ರಕ್ಕೆ ಛಾವಣಿಯ ಮೇಲೆ ಒಂದು ಕೋಣೆ ಬೇಕು. ಆ ಹಳೆಯ ಹೆಂಚಿನ ಮಾಡಿಗೆ ಪಾರಿವಾಳ ಕೂತರೂ ಭಾರ. ಮೇಲಾಗಿ ಹಗ್ಗಕ್ಕೆ ಗ್ರೀಸು ಹಚ್ಚಬೇಕು, ಗ್ರೀಸಿನ ವಾಸನೆ ಕಾಫಿಗೆ. ಆದರೆ ಹೊರದೇಶದಲ್ಲಿ ಹಗ್ಗದ ಬದಲು ಚಪ್ಪಟೆ ಬೆಲ್ಟಿಗೆ ಲಿಫ್ಟು ತೂಗುಹಾಕುತ್ತಾರೆಂದು ಒಂದು ಪತ್ರಿಕೆಯಲ್ಲಿ ಓದಿದ್ದೆ. ಬೆಲ್ಟು ತೆಳ್ಳಗಿರುವುದರಿಂದ ಸಣ್ಣ ಚಕ್ರದ ಮೇಲೂ ಬಾಗುತ್ತದೆ, ಗ್ರೀಸು ಬೇಡ, ಕೋಣೆಯೂ ಬೇಡ. ಗೌಡರಿಗೆ ಹೇಳಿದೆ.

"ಕಾಫಿ ಬಿದ್ರೆ ಗುಡಿಸಿ ತುಂಬ್ಕೋಬಹುದು ಭಟ್ರೆ. ಇದು ಹಂಗಲ್ಲ."

"ಗೊತ್ತು ಸರ್."

"ಗೊತ್ತಿದ್ರೆ ಮಾಡಿ. ಮೊದ್ಲು ಹತ್ತೋರು ಯಾರು ಅನ್ನೋದೂ ಗೊತ್ತಿದೆಯಲ್ಲ?"

ಒಂದರ ಬದಲು ಮೂರು ಬೆಲ್ಟು ಇಟ್ಟೆ. ಎರಡು ಹರಿದರೂ ಮೂರನೆಯದು ಒಂದೇ ಜನ ನಿಲ್ಲುವ ಇಡೀ ಪೆಟ್ಟಿಗೆಯನ್ನು ಹಿಡಿಯಬೇಕೆಂಬ ಲೆಕ್ಕ. ಪಾಲಿಯೆಸ್ಟರ್ ಹಾಕಿದರೆ ಜನ ಹತ್ತಿದಾಗೆಲ್ಲ ಪೆಟ್ಟಿಗೆ ಎರಡು ಬೆರಳು ಇಳಿಯುತ್ತಿತ್ತು, ಹಿಗ್ಗು ಜಾಸ್ತಿ. ಹಾಗಾಗಿ ಅರಾಮಿಡ್ ಎಂಬ ನಾರು ತರಿಸಿದೆ. ಗುಂಡು ತಡೆಯುವ ಅಂಗಿಗೆ ಬಳಸುವ ಹಳದಿ ನಾರು, ಅರಿಸಿನದ ದಾರದಂತೆ ಕಾಣುತ್ತದೆ, ಎಳೆದರೆ ಜಪ್ಪಯ್ಯ ಎಂದರೂ ಹಿಗ್ಗುವುದಿಲ್ಲ. ಒಂದು ಪದರಕ್ಕೆ ಇಷ್ಟು ಬಲವಾದರೆ ಎರಡು ಪದರಕ್ಕೆ ಎರಡು ಪಟ್ಟು ಎಂದುಕೊಂಡು ಎರಡು ಪದರ ಹಾಕಿದೆ. ಅದನ್ನು ಸಣ್ಣ ಚಕ್ರದ ಮೇಲೆ ಭಾರ ಕಟ್ಟಿ ವಾರಗಟ್ಟಲೆ ಓಡಿಸಿದೆವು. ಬೆಲ್ಟು ಮದುಮಗನಂತೆ ಹೊಳೆಯುತ್ತಿತ್ತು. ನಾನು ಬೀಗುತ್ತಿದ್ದೆ. ಶೇಷಪ್ಪ ಬಂದು ಎರಡು ಬೆರಳಲ್ಲಿ ಹಿಡಿದು ಕಣ್ಣು ಮುಚ್ಚಿದ.

"ಭಟ್ರೆ, ಒಳಗೆ ಮರಳು ಸಿಗ್ತಾ ಇದೆ."

ಕೊಯ್ದು ನೋಡಿದರೆ ಹೊರ ಪದರ ಚಿನ್ನದಂತಿತ್ತು, ಚಕ್ರದ ಕಡೆಯ ಒಳ ಪದರ ಮಾತ್ರ ಕಡಲೆಹಿಟ್ಟು. ಅರಾಮಿಡ್ ಎಳೆತಕ್ಕೆ ಭೀಮ, ಒತ್ತಿ ಮಡಚಿದರೆ ಅಷ್ಟಕ್ಕಷ್ಟೆ. ಶೇಷಪ್ಪ ಹೊರಗೆ ಹೋಗಿ ಒಂದು ಬಾಳೆ ದಂಟು ಮುರಿದು ತಂದು ನನ್ನ ಮುಂದೆ ಬಾಗಿಸಿದ. "ನೋಡಿ, ಹೊರಗಡೆ ಹರೀತದೆ, ಒಳಗಡೆ ಸುಕ್ಕಾಗ್ತದೆ. ನಡುವೆ ಏನೂ ಆಗಿಲ್ಲ. ನಿಮ್ಮ ಚಿನ್ನದ ದಾರಾನ ನಡುವೆ ಒಂದೇ ಸಾಲು ಇಡಬಾರದಾ?" ಇದೇ ಪ್ರಶ್ನೆಗೆ ಪರೀಕ್ಷೆಯಲ್ಲಿ ಪೂರ್ತಿ ಅಂಕ ತೆಗೆದುಕೊಂಡಿದ್ದವನು ನಾನು. ಬಾಳೆ ದಂಟಿನಲ್ಲಿ ಅದು ಇದೆಯೆಂದು ಗೊತ್ತಿರಲಿಲ್ಲ. ನಾರನ್ನು ಸಣ್ಣಗೆ ಹುರಿಮಾಡಿ ನಡುವೆ ಒಂದೇ ಸಾಲು ಇಟ್ಟು, ಚಕ್ರವನ್ನು ಕೊಂಚ ದೊಡ್ಡದು ಮಾಡಿ, ಮೇಲೆ ವಾಸನೆ ಬಾರದ ಹೊದಿಕೆ ಹಾಕಿದೆವು. ಡಬ್ಬಿಯ ಕಾಫಿ ಪರೀಕ್ಷೆಯಲ್ಲೂ ಪಾಸು, ಎರಡು ಲೋಟ ಕುಡಿದೆ.

ಉಳಿದದ್ದು ಭಾರ ಹೊತ್ತು ನಿಲ್ಲುವ ಪರೀಕ್ಷೆ. ಹೆಬ್ಬಾರರು ಮೆಟ್ಟಿಲ ಪಕ್ಕ ಲಿಫ್ಟಿಗೆಂದು, ಮೆಟ್ಟಿಲ ಕಡೆ ಜಾಲರಿಗೆ ಜಾಗ ಬಿಟ್ಟು, ಇಟ್ಟಿಗೆಯ ಗೂಡು ಎತ್ತಿಸಿದ್ದರು, ಮಾಡಿನ ಕೆಳಗೆ ಅದರ ಮೇಲ್ಭಾಗ ಇನ್ನೂ ತೆರೆದೇ ಇತ್ತು. ಅದರಲ್ಲಿ ಒಂದೇ ಬೆಲ್ಟು ಇಳಿಬಿಟ್ಟು, ತುದಿಗೆ ಕಬ್ಬಿಣದ ತೊಟ್ಟಿಲು ಕಟ್ಟಿ, ಇಪ್ಪತ್ತನಾಲ್ಕು ಮೂಟೆ ಪಾರ್ಚ್‌ಮೆಂಟ್, ಅಂದರೆ ಹೊಟ್ಟಿನ ಸಮೇತದ ಕಾಫಿ, ಪೇರಿಸಿದೆವು. ಕಬ್ಬಿಣದ ತೂಕ ತರಿಸಬೇಕಿತ್ತು. ಕಾಫಿ ವರ್ಕ್ಸಿನಲ್ಲಿ ಮೂಟೆಗೇನು ಬರ! ಪ್ರತಿ ಮೂಟೆಯ ಮೇಲೂ ಐವತ್ತು ಕಿಲೋ ಎಂದು ಫೆಬ್ರವರಿಯಲ್ಲೇ ಬಣ್ಣದಲ್ಲಿ ಬರೆದಿತ್ತು. ತೊಟ್ಟಿಲ ಅಂಚಿಗೆ ಸರಿಯಾಗಿ ಗೋಡೆಯ ಮೇಲೆ ಪೆನ್ಸಿಲ್ ಗೀಟು ಹಾಕಿದೆ.

ನಾರು ಮೊದಲ ಒಂದೆರಡು ದಿನ ಕೊಂಚ ಹಿಗ್ಗಿ ಆಮೇಲೆ ತೆಪ್ಪಗಿರಬೇಕು. ಇದು ತೆಪ್ಪಗಿರಲಿಲ್ಲ. ಜುಲೈ ಮಳೆ ಹಿಡಿದಂತೆ ತೊಟ್ಟಿಲು ಗೀಟಿನಿಂದ ಕೂದಲೆಳೆಯಷ್ಟು ಇಳಿಯಿತು, ಮತ್ತೆ ಇಳಿಯಿತು. ಮೂರು ವಾರದಲ್ಲಿ ಅರ್ಧ ಬೆರಳು. ಭಾರ ಅಷ್ಟೇ ಇದ್ದು ಬೆಲ್ಟು ದಿನಾ ಹಿಗ್ಗುತ್ತಿದೆ ಎಂದರೆ ಒಂದೇ ಅರ್ಥ, ಒಳಗೆ ಎಲ್ಲೋ ಜಾರುತ್ತಿದೆ, ಒಂದು ದಿನ ಕೈಕೊಡುತ್ತದೆ. ಶೇಷಪ್ಪನ ಬೆರಳಿಗೂ ಏನೂ ಸಿಗಲಿಲ್ಲ. ಲೆಕ್ಕವನ್ನು ಐದು ಸಲ ತಿದ್ದಿದೆ. ಕೊನೆಗೆ, ಇದು ನನ್ನಿಂದ ಆಗದು, ಮನುಷ್ಯರನ್ನು ಇದಕ್ಕೆ ಒಪ್ಪಿಸಲಾರೆ ಎಂದು ಗೌಡರಿಗೆ ಕಾಗದ ಬರೆದು ಜೇಬಿನಲ್ಲಿಟ್ಟುಕೊಂಡು, ಕಡೆಯ ಸಲ ಗೀಟು ನೋಡಲು ಹೋದೆ. ನಾಚಿಕೆಗಿಂತ ಹೆಚ್ಚಾಗಿ ಪಾರ್ವತಕ್ಕನಿಗೆ ಹೇಗೆ ಹೇಳಲಿ ಎಂಬ ಸಂಕಟ. ಅವರು ಅಲ್ಲೇ ಬಂದರು, ತಮ್ಮ ಬಕೆಟ್ಟು ನೋಡಲು.

"ಎಂತ ಭಟ್ರೆ, ಹರಳೆಣ್ಣೆ ಕುಡಿದೋರ ಥರ ನಿಂತಿದೀರಿ?"

ಇದ್ದದ್ದು ಇದ್ದಹಾಗೆ ಹೇಳಿಬಿಟ್ಟೆ. ಅವರು ಮೊದಲನೆಯ ಮೆಟ್ಟಿಲ ಮೇಲೆ ಕೂತರು. ಕೈಗೆಟುಕುವಲ್ಲಿ ತೊಟ್ಟಿಲು. ಅಭ್ಯಾಸ ಬಲದಿಂದ ಒಂದು ಗೋಣಿಯ ಹರಿದ ಮೂಲೆಗೆ ಬೆರಳು ಹಾಕಿ ಎರಡು ಬೀಜ ತೆಗೆದು, ಹೊಟ್ಟು ಸುಲಿದು, ಬಾಯಿಗೆ ಹಾಕಿ ಕಚ್ಚಿದರು. ಕಚ್ಚಿದವರು ನನ್ನನ್ನೇ ದುರುಗುಟ್ಟಿ ನೋಡಿದರು.

"ಇದನ್ನ ತೂಕ ಹಾಕಿದ್ದು ಯಾವಾಗ?"

"ಫೆಬ್ರವರೀಲಿ. ಗೋಣಿ ಮೇಲೇ ಬರ್ದಿದೆಯಲ್ಲ ನೋಡಿ."

"ಬರ್ದಿದ್ದನ್ನ ಕಾಫಿ ಓದ್ತದಾ? ಹಲ್ಲು ಊರ್ತಾ ಇದೆ ಭಟ್ರೆ, ನೀರು ಕುಡಿದಿದೆ. ಈ ಮಳೇಲಿ ಮೂರು ವಾರ ಹಿಂಗೆ ನೇತಾಡಿದ್ರೆ ಕುಡೀದೆ ಏನ್ಮಾಡ್ತದೆ?"

ಮೂಟೆ ಇಳಿಸಿ ತಕ್ಕಡಿಗೆ ಹಾಕಿದೆವು. ಒಂದೊಂದೂ ನಾಲ್ಕೈದು ಕಿಲೋ ಹೆಚ್ಚು. ಒಟ್ಟು ಸೇರಿದರೆ ಇಬ್ಬರು ಆಳಿನ ತೂಕ ಬೆಲ್ಟಿನ ಮೇಲೆ ಕದ್ದು ಹತ್ತಿ ಕೂತಿತ್ತು. ಬೆಲ್ಟು ಹಿಗ್ಗಿದ್ದು ದಿನದಿನಕ್ಕೆ ಏರಿದ ಆ ಭಾರಕ್ಕೆ, ಅದೂ ಲೆಕ್ಕಕ್ಕೆ ಸರಿಯಾಗಿ ಎಷ್ಟು ಬೇಕೋ ಅಷ್ಟೇ. ಪಾಪದ ಬೆಲ್ಟು ನಿರಪರಾಧಿ! ಕಾಫಿ ಊರಿನಲ್ಲಿ ಹುಟ್ಟಿ, ಕಾಫಿ ವಾಸನೆ ಕದಿಯುತ್ತದೆಂದು ಒಮ್ಮೆ ಪೆಟ್ಟು ತಿಂದವನು, ಅದು ತೇವವನ್ನೂ ಕುಡಿಯುತ್ತದೆಂಬುದನ್ನು ಮರೆತಿದ್ದೆ. ನನ್ನ ಕಣ್ಣಿಗೆ ಅದು ಬರೀ ತೂಕವಾಗಿತ್ತು, ಅವರ ಕಣ್ಣಿಗೆ ಕಾಫಿಯಾಗಿಯೇ ಇತ್ತು. ಜೇಬಿನ ಕಾಗದವನ್ನು ಅಲ್ಲೇ ಹರಿದೆ. ಶೇಷಪ್ಪ ನಕ್ಕು ನಕ್ಕು ತಕ್ಕಡಿಯ ಮೇಲೆಯೇ ಕೂತುಬಿಟ್ಟ. ಮರುದಿನವೇ ಕಬ್ಬಿಣದ ತೂಕ ತರಿಸಿ ಪರೀಕ್ಷೆಯನ್ನು ಮೊದಲಿನಿಂದ ಮಾಡಿದೆವು, ತೊಟ್ಟಿಲು ಎರಡು ದಿನ ಇಳಿದು ಆಮೇಲೆ ಗೀಟಿನ ಹತ್ತಿರ ಕಲ್ಲಿನಂತೆ ನಿಂತಿತು.

ಲಿಫ್ಟು ಪರಿಶೀಲಿಸಲು ಬಂದ ಸರ್ಕಾರಿ ಇನ್‌ಸ್ಪೆಕ್ಟರು ಬೆಲ್ಟನ್ನು ಎತ್ತಿ ನೋಡಿ, "ಇದು ನನ್ನ ಸೊಂಟದ ಬೆಲ್ಟಿನಷ್ಟೂ ದಪ್ಪ ಇಲ್ವಲ್ರೀ" ಎಂದರು. ತುಂಬಿದ ಪೆಟ್ಟಿಗೆ ಮೇಲಿರುವಾಗ ಒಂದು ಬೆಲ್ಟು ಬಿಚ್ಚಿಸಿದರು, ಇನ್ನೊಂದು ಬಿಚ್ಚಿಸಿದರು. ಪೆಟ್ಟಿಗೆ ಮೂರನೆಯದರಲ್ಲಿ ಕದಲದೆ ನಿಂತಿತು. ಅಷ್ಟು ಸಾಲದೆಂದು ತುಂಡುಗಳನ್ನು ಬೆಂಗಳೂರಿನ ಪ್ರಯೋಗಾಲಯಕ್ಕೆ ಕಳುಹಿಸಿದರು. ಪೆಟ್ಟಿಗೆ ಕೆಳಗೆ ಬಿದ್ದರೆ ಪಕ್ಕದ ಹಳಿಯನ್ನು ಕಚ್ಚಿ ಹಿಡಿಯುವ ಉಕ್ಕಿನ ದವಡೆಯನ್ನೂ ಹಾಕಿಸಿದರು. ಆಗ ಅವರ ಮೇಲೆ ಸಿಟ್ಟು ಬಂದಿತ್ತು. ಈಗ ನೆನೆದರೆ, ಅವರು ಇನ್ನೂ ಎರಡು ತಕರಾರು ತೆಗೆದಿದ್ದರೂ ಸರಿಯೇ ಅನ್ನಿಸುತ್ತದೆ. ಮಳೆ ನಿಂತು, ಹಣ್ಣು ಕೆಂಪಾಗುವ ಹೊತ್ತಿಗೆ ಒಪ್ಪಿಗೆಯ ಪತ್ರ ಬಂತು.

ಸೀಸನ್ ಶುರುವಾಗುವ ಹಿಂದಿನ ದಿನ ಗೌಡರು ಜೀಪಿನಲ್ಲಿ ಬಂದರು. ಹೆಬ್ಬಾರರು ಬಾಗಿಲಿಗೆ ಮಾವಿನ ಸೊಪ್ಪು ಕಟ್ಟಿಸಿದ್ದರು. ಗೌಡರು ನನ್ನ ಕಡೆ ನೋಡಿ ಹುಬ್ಬು ಹಾರಿಸಿದರು, ಹತ್ತಿ ಎಂದು. ನೇರಳೆ ಮರದ ಜೋಕಾಲಿ ನೆಲದಿಂದ ಎರಡು ಅಡಿ, ಇದು ಮೂವತ್ತು. ಒಳಗೆ ಕಾಲಿಡುವಷ್ಟರಲ್ಲಿ ಹಿಂದಿನಿಂದ ಒಂದು ಮೊರ ಒಳಗೆ ಬಂತು, ಆಮೇಲೆ ಬುತ್ತಿಯ ಡಬ್ಬಿ, ಆಮೇಲೆ ಪಾರ್ವತಕ್ಕ.

"ಪಾರ್ವತಮ್ಮ, ಮೊದ್ಲು ಭಟ್ರು ಒಬ್ರೇ ಹೋಗ್ಬೇಕು. ನಮ್ಮಲ್ಲಿ ಪದ್ಧತಿ ಹಂಗೆ" ಎಂದರು ಗೌಡರು.

"ಗೀಟು ಹಾಕಿದೋರು ಅವ್ರು, ಹೌದು. ತೂಕದ ತಪ್ಪು ಹಿಡಿದೋಳು ನಾನಲ್ವನ್ರಿ ಗೌಡ್ರೆ? ಪದ್ಧತೀಲಿ ನಂಗೂ ಪಾಲಿದೆ."

ಗೌಡರ ಮಾತಿಗೆ ಮಾತು ಕೊಟ್ಟು ಗೆದ್ದವರನ್ನು ನಾನು ಕಂಡದ್ದು ಅದೊಂದೇ ಸಲ. ಬಾಗಿಲು ಎಳೆದೆ, ಗುಂಡಿ ಒತ್ತಿದೆ. ಪೆಟ್ಟಿಗೆ ಸದ್ದಿಲ್ಲದೆ ಎದ್ದಿತು. ನಾನು ತಲೆಯೆತ್ತಿ ಬೆಲ್ಟು ನೋಡುತ್ತಿದ್ದೆ, ಪಾರ್ವತಕ್ಕ ಜಾಲರಿಯ ಆಚೆ ಕೆಳಗೆ ಸರಿಯುವ ಮೆಟ್ಟಿಲುಗಳನ್ನು ನೋಡುತ್ತಿದ್ದರು. ಎಣಿಸುತ್ತಿದ್ದರು, ಪಿಸುಮಾತಿನಲ್ಲಿ. ಹತ್ತು, ಹನ್ನೊಂದು, ಹನ್ನೆರಡು. ಕಿಟಕಿಯ ಕಟ್ಟೆ ಬಂತು. "ಇಲ್ಲೇ ಭಟ್ರೆ ನಾನು ದಿನಾ ಕೂರ್ತಿದ್ದದ್ದು" ಎಂದರು. ಕಟ್ಟೆ ಕೆಳಗೆ ಹೋಯಿತು. ಅವರು ಎಣಿಸುವುದನ್ನು ಬಿಟ್ಟರು.

ಮೇಲೆ ಮೂವತ್ತು ಹೆಂಗಸರು ಬಾಗಿಲ ಮುಂದೆ ಮುತ್ತಿಕೊಂಡಿದ್ದರು. ಪಾರ್ವತಕ್ಕ ಇಳಿದು ನೆಟ್ಟಗೆ ತಮ್ಮ ಕಿಟಕಿಯ ಬಳಿ ಹೋಗಿ ಕೂತು, "ಎಂತ ನೋಡ್ತಿದೀರೇ? ನನ್ನ ಮುಖದಲ್ಲಿ ಕಪ್ಪು ಬೀಜ ಇದೆಯಾ? ಜಾಗ ಗುಡಿಸ್ಕೊಳಿ, ನಾಳೆ ಲೋಡು ಬರ್ತದೆ" ಎಂದು ಗದರಿದರು. ನನಗೆ ಒಂದು ಥ್ಯಾಂಕ್ಸೂ ಇಲ್ಲ. ನಾನು ಗೋಣಿ ರಾಶಿಯ ಹಿಂದೆ ಹೋಗಿ ಕಣ್ಣು ಒರೆಸಿಕೊಂಡು ಬಂದೆ, ಶೇಷಪ್ಪ ಕೇಳಿದ್ದಕ್ಕೆ ಹೊಟ್ಟಿನ ಧೂಳು ಎಂದೆ. ಅವನೂ ಧೂಳೇ ಎಂದು ಒಪ್ಪಿಕೊಂಡ.

ಈಗ ನಿಮಗೆಲ್ಲ ಕಂಪ್ಯೂಟರು ಇದೆ. ಬೆಲ್ಟು ಎಲ್ಲಿ ಸೆಟೆಯುತ್ತದೆ, ಎಲ್ಲಿ ಸುಕ್ಕಾಗುತ್ತದೆ ಎಂಬುದನ್ನು ಅದು ಕೆಂಪು ಹಸಿರು ಬಣ್ಣದಲ್ಲಿ ತೋರಿಸುತ್ತದೆ. ನನ್ನ ಕೊನೆಯ ವರ್ಷಗಳಲ್ಲಿ ನಾನೂ ಕಲಿತೆ, ಚೆನ್ನಾಗಿಯೇ ಇದೆ. ನೀವು ಹಾಕಿದ ಭಾರವನ್ನು ಅದು ಪ್ರಶ್ನೆ ಮಾಡುವುದಿಲ್ಲ ಎಂಬುದಷ್ಟು ನೆನಪಿರಲಿ. ಐವತ್ತು ಎಂದು ಬರೆದರೆ ಐವತ್ತು ಎಂದೇ ನಂಬುತ್ತದೆ, ನನ್ನ ಹಾಗೆ.

ಜನ ಹೊರುವ ಬೆಲ್ಟನ್ನು ಸವೆಯದಿದ್ದರೂ ಇಂತಿಷ್ಟು ವರ್ಷಕ್ಕೆ ಬದಲಿಸಬೇಕು. ಆ ಲಿಫ್ಟಿನ ಮೊದಲ ಮೂರು ಬೆಲ್ಟುಗಳನ್ನು ಇಳಿಸಿದ ಕಾಲಕ್ಕೆ ಪಾರ್ವತಕ್ಕ ಕೆಲಸದಿಂದ ನಿವೃತ್ತರಾಗಿದ್ದರು. ಅಷ್ಟೂ ವರ್ಷ ಮೇಲಿನ ಕಿಟಕಿಯ ಬಳಿಯೇ ಕೂತು, ತಮ್ಮ ಜಾಗಕ್ಕೆ ಇನ್ನೊಬ್ಬಳನ್ನು ತಯಾರು ಮಾಡಿ ಹೋಗಿದ್ದರು. ನನ್ನ ಬೀಳ್ಕೊಡುಗೆಯ ದಿನ ಕಾರ್ಖಾನೆಯವರು ಏನು ಬೇಕು ಎಂದು ಕೇಳಿದಾಗ, ಆ ಹಳೆಯ ಬೆಲ್ಟಿನದೊಂದು ಮೊಳ ಕೊಡಿ ಎಂದೆ. ನೇರಳೆ ಮರದ ಕೆಳಗೆ ಕುರ್ಚಿ ಹಾಕಿದ್ದರು. ಮುದುಕರಾಗಿದ್ದ ಗೌಡರು ಭಾಷಣ ಮಾಡಲು ಎದ್ದು, ನನ್ನ ಬಿಳಿ ಪಂಚೆಯ ಕತೆ ಹೇಳಿ ಕೂತರು. ಪಾರ್ವತಕ್ಕ ಮೂಡಿಗೆರೆಯಿಂದ ಬಸ್ಸಿನಲ್ಲಿ ಬಂದಿದ್ದರು, ಕೋಲು ಹಿಡಿದು.

ಬೆಲ್ಟಿನ ತುಂಡನ್ನು ಅವರ ಕೈಗೆ ಕೊಟ್ಟೆ. ಶೇಷಪ್ಪ ಅದರ ಅಂಚನ್ನು ಕೊಯ್ದು ಬಿಡಿಸಿದ್ದ, ಒಳಗೆ ಹಳದಿ ನಾರು ಹಾಕಿದ ದಿನದಂತೆಯೇ ಇತ್ತು, ಒಂದು ಎಳೆಯೂ ಮುರಿದಿರಲಿಲ್ಲ. ಪಾರ್ವತಕ್ಕ ಕನ್ನಡಕ ಏರಿಸಿ ನೋಡಿದರು, ಮೂಸಿದರು. ಆಮೇಲೆ ಎಲ್ಲರೂ ನೋಡುತ್ತಿದ್ದಂತೆ ಅದರ ಮೂಲೆಯನ್ನು ಬಾಯಿಗಿಟ್ಟು, ಉಳಿದಿದ್ದ ನಾಲ್ಕು ಹಲ್ಲಿನಲ್ಲಿ ಕಚ್ಚಿದರು. ನಾನು ಕಾದೆ, ಜೀವಮಾನದ ಪರೀಕ್ಷೆಯ ಫಲಿತಾಂಶಕ್ಕೆ ಕಾಯುವವನಂತೆ.

"ಒಣಗಿದೆ" ಎಂದರು ಪಾರ್ವತಕ್ಕ. "ತುಂಬಿ."